ಬೀಗದಕ್ಕನ ಹನ್ನೊಂದು ಸಹಿಗಳು

ನಮ್ಮ ಕಚೇರಿಯ ಬಾಗಿಲು ತೆಗೆದು, ಕಸ ಗುಡಿಸಿ, ಕುಡಿಯುವ ನೀರು ತುಂಬಿಸಿಡುವವರನ್ನು ನಾವೆಲ್ಲ ಬೀಗದಕ್ಕ ಎನ್ನುತ್ತೇವೆ. ದಿನಗೂಲಿ. ವಯಸ್ಸು ಐವತ್ತೆಂಟು. ಮಗಳು ತೀರಿಕೊಂಡ ಮೇಲೆ ಮೊಮ್ಮಗಳನ್ನು ಸಾಕುತ್ತಿರುವವರೂ ಅವರೇ.

ಈ ವರ್ಷ ಹೊಸ ನಿಯಮ ಬಂತು: ಹತ್ತು ವರ್ಷ ನಡುವೆ ಒಂದು ದಿನವೂ ಬಿಡದೆ ದುಡಿದ ದಿನಗೂಲಿಯವರು ಖಾಯಂ, ನಿವೃತ್ತಿಯಾದರೆ ಪಿಂಚಣಿ. ಕಚೇರಿಯೆಲ್ಲ ಅಕ್ಕನ ಬೆನ್ನು ತಟ್ಟಿತು. ನನ್ನ ಜೀವ ಮಾತ್ರ ಬಾಯಿಗೆ ಬಂದಿತ್ತು. ಸಿಬ್ಬಂದಿಯ ಕಡತ ನೋಡುವ ಗುಮಾಸ್ತ ನಾನು. ಇಂಥವರು ಮುಂದೆ ಹಕ್ಕು ಕೇಳಬಾರದೆಂದು, ವರ್ಷಕ್ಕೊಮ್ಮೆ ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದು, ಮರುದಿನ ಮತ್ತೆ ಸೇರಿಸಿಕೊಂಡಂತೆ ಬರೆಯುವುದು ನಮ್ಮಲ್ಲಿ ರೂಢಿ. ಹನ್ನೊಂದು ವರ್ಷ, ಹನ್ನೊಂದು ಸಲ, ನನ್ನದೇ ಕೈಬರಹ. ಥೂ, ನನ್ನ ಜನ್ಮಕ್ಕಿಷ್ಟು!

ದಾರಿ ಕಾಣದೆ ಕಾವಲುಗಾರನ ಕೋಣೆಗೆ ಹೋದೆ. ಬೆಳಿಗ್ಗೆ ಕೀಲಿಕೈ ಗೊಂಚಲು ಪಡೆದವರು ಅಲ್ಲಿನ ಪುಸ್ತಕದಲ್ಲಿ ಸಹಿ ಹಾಕಬೇಕು. ಹಳೆಯ ಪುಸ್ತಕಗಳ ಧೂಳು ಕೊಡವಿ ಆ ಹನ್ನೊಂದು ತಾರೀಖುಗಳನ್ನು ಹುಡುಕಿದೆ. ಅಬ್ಬಬ್ಬಾ! ಹನ್ನೊಂದರಲ್ಲೂ, ಏಳು ಗಂಟೆಗೆ ಸರಿಯಾಗಿ, ಅಕ್ಕನ ಗುಂಡು ಗುಂಡಾದ ಸಹಿ. ಕೂಲಿಯೂ ಇಲ್ಲದ ದಿನಗಳು! ಆ ದಿನಗಳಲ್ಲೂ ಅಕ್ಕ ತುಂಬಿಸಿಟ್ಟ ನೀರನ್ನೇ ನಾನು ಕುಡಿದಿದ್ದೆ.

ನಾನು ತಂದಿಟ್ಟ ಪುಸ್ತಕಗಳನ್ನು ನೋಡಿದ ನಮ್ಮ ಕಚೇರಿಯ ಸಾಹೇಬರು ಅಕ್ಕನನ್ನು ಕರೆಸಿದರು. "ಆ ಹನ್ನೊಂದು ದಿನ ಕೂಲಿ ಇಲ್ಲ ಅಂತ ಗೊತ್ತಿತ್ತಲ್ವಾ? ಮತ್ಯಾಕಮ್ಮಾ ಬಂದ್ರಿ?"

"ನೀವೆಲ್ಲ ಬರ್ತಿದ್ರಲ್ಲ ಸಾರ್," ಎಂದರು ಅಕ್ಕ. "ಬಾಗಿಲು ತೆಗೀಬೇಡ್ವಾ?"

ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಸಚಿವರು ಬಂದಾಗ ಬಿಟ್ಟರೆ ಅವರು ಹಾಗೆ ಎದ್ದದ್ದನ್ನು ನಾನು ಕಂಡಿಲ್ಲ. ನನಗೂ ಕೈ ಮುಗಿಯಬೇಕೆನಿಸಿತು.

ಅಕ್ಕ ಹೊರಗೆ ಹೋದ ಮೇಲೆ ಸಾಹೇಬರು ನನ್ನತ್ತ ತಿರುಗಿದರು: "ಈ ಸುಳ್ಳು ಬರೆದೋರು ಯಾರ್ರೀ?"

"ನಾನೇ ಸಾರ್."

"ಹಾಗಂತಲೇ ಬರೆದು ಸಹಿ ಹಾಕಿ."

ಹಾಕಿದೆ. ನನ್ನ ಬಡ್ತಿ ಹಳ್ಳ ಹಿಡಿದರೆ ಹಿಡಿಯಲಿ ಎಂದುಕೊಂಡೆ.

ಎರಡು ತಿಂಗಳಿಗೆ ಆದೇಶ ಬಂತು. ಅಕ್ಕನನ್ನು ಕೂರಿಸಿ ನಾನೇ ಓದಿದೆ. "ನಡುವೆ ಒಂದು ದಿನಾನೂ ಬಿಡದೆ ಕೆಲಸ ಮಾಡಿದ್ದೀರಿ ಅಂತ ಸರ್ಕಾರ ಒಪ್ಕೊಂಡಿದೆ. ಖಾಯಂ ಆದ್ರಿ ಅಕ್ಕಾ!"

ಅಕ್ಕ ಅಂಗೈಯಿಂದ ಕಣ್ಣೊರೆಸಿಕೊಂಡರು. ಆಮೇಲೆ, ಸಿಟ್ಟೇನೂ ಇಲ್ಲದ ದನಿಯಲ್ಲಿ, ನಿಜವಾಗಿಯೂ ತಿಳಿಯದೆ ಕೇಳಿದರು:

"ನೀವು ದಿನಾ ನನ್ನ ನೋಡ್ತಾನೇ ಇದ್ರಲ್ಲ ಸಾರ್. ಸರ್ಕಾರದವ್ರಿಗೆ ಮೊದ್ಲೇ ಹೇಳ್ಬಾರ್ದಿತ್ತಾ?"