ಪುದೀನಕ್ಕನ ಅಡುಗೆಮನೆಗೆ ಔಷಧಿ ಹೊಡೆದದ್ದು

ಹೆಂಗಸರ ಹಾಸ್ಟೆಲಿನ ಅಡುಗೆಯವಳನ್ನು ಎಲ್ಲರೂ ಪುದೀನಕ್ಕ ಎಂದೇ ಕರೆಯುತ್ತಿದ್ದರು. ಅವಳು ಹತ್ತಿರ ಬಂದರೆ ಮೊದಲು ಪುದೀನದ ವಾಸನೆ, ಆಮೇಲೆ ಬೈಗುಳ. ಅರವತ್ತು ಜನಕ್ಕೆ ಬೇಯಿಸುವ ಆ ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ ಜಿರಳೆ ಕಂಡವರಿರಲಿಲ್ಲ. ಕಪಾಟಿನ ಮೂಲೆಮೂಲೆಗೆ ಮುರಿದ ಪಲಾವ್ ಎಲೆ, ಸಕ್ಕರೆ ಡಬ್ಬಿಯ ಸುತ್ತ ಲವಂಗ, ಸಿಂಕಿನ ಕೆಳಗೆ ಪ್ರತಿ ಸಂಜೆ ಪುದೀನ, ಬೆಳ್ಳುಳ್ಳಿ ಕುದಿಸಿದ ನೀರು. ಘಮ ಹೋದ ಎಲೆಯನ್ನು ಅಂದೇ ಬದಲಿಸುತ್ತಿದ್ದಳು. ನೆಲದ ಮೇಲೆ ಒಂದಗುಳು ಉಳಿಯಲು ಬಿಡುತ್ತಿರಲಿಲ್ಲ.

"ಎಲೆ ಇಟ್ಟು ಕೈ ಕಟ್ಕೊಂಡು ಕೂತ್ರೆ ಜಿರಳೆ ಅದನ್ನೇ ಹಾಸಿಗೆ ಮಾಡ್ಕೊಂಡು ಮಲಗುತ್ತೆ" ಎಂದು ಪಾತ್ರೆ ತೊಳೆಯುವವಳನ್ನು ಗದರುತ್ತಿದ್ದಳು. "ಇದು ಕೊಲ್ಲಲ್ಲ ಕಣೇ. ಇಲ್ಲಿ ನಿನಗೆ ಜಾಗ ಇಲ್ಲ ಅನ್ನುತ್ತೆ, ಅಷ್ಟೆ."

ಕೊಲ್ಲುವ ಔಷಧಿಯ ಪರಿಚಯ ಅವಳಿಗೆ ಚೆನ್ನಾಗಿಯೇ ಇತ್ತು. ಗಂಡ ಕಂಪನಿಯೊಂದರ ಪರವಾಗಿ ಬೆನ್ನಿಗೆ ಪಂಪು ಕಟ್ಟಿಕೊಂಡು ಮನೆಮನೆಗೆ ಔಷಧಿ ಹೊಡೆಯುತ್ತಿದ್ದವನು. ಮುಖಕ್ಕೊಂದು ಕರವಸ್ತ್ರ ಬಿಟ್ಟರೆ ರಕ್ಷಣೆ ಎಂಬುದಿರಲಿಲ್ಲ. ಅವನ ಅಂಗಿ ಒಗೆದು ಒಗೆದು ಇವಳ ಬೆರಳಿನ ಚರ್ಮ ಸುಲಿಯುತ್ತಿತ್ತು. ನಲವತ್ತಾರನೇ ವಯಸ್ಸಿಗೆ ಅವನು ಉಸಿರು ಎಳೆಯಲಾರದೆ, ಗೋಡೆಗೆ ಒರಗಿ ಕೂತಲ್ಲೇ ಹೋಗಿಬಿಟ್ಟ. ಕಂಪನಿಯವರು ಬಂದು, "ಬೀಡಿ ಸೇದ್ತಿದ್ನಾ?" ಎಂದು ಕೇಳಿದರು. ಸೇದುತ್ತಿದ್ದ. ಪರಿಹಾರದ ಮಾತು ಅಲ್ಲಿಗೇ ಮುಗಿಯಿತು.

ಉಳಿದವನು ಒಬ್ಬನೇ ಮಗ. ಎರಡು ವರ್ಷದಿಂದ ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ ಎಂದಿದ್ದ. ಮನೆಗೆ ಬಂದ ಕೂಡಲೇ ಹೊರಗಿನ ನಲ್ಲಿಯಲ್ಲಿ ಸ್ನಾನ ಮಾಡಿ, ತನ್ನ ಬಟ್ಟೆ ತಾನೇ ಒಗೆದು ಹಾಕುತ್ತಿದ್ದ. "ನನ್ನ ಮಗನಂಥವನು ಯಾರಿಗಿದಾನೆ ಹೇಳಿ?" ಎಂದು ಅವಳು ನೆರೆಯವರ ಮುಂದೆ ಜಂಬ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಹೀಗಿರುವಾಗ ಹಾಸ್ಟೆಲಿಗೆ ಹೊಸ ವಾರ್ಡನ್ ಮೇಡಂ ಬಂದರು. ಕಪಾಟು ತೆರೆದವರೇ ಒಂದು ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಏನಿದು ಕಸ?"

"ಕಸ ಅಲ್ಲ ಮೇಡಂ, ಜಿರಳೆ ಬರದಿರಲಿ ಅಂತ."

"ಅದಕ್ಕೆಲ್ಲ ಕಂಪನಿ ಇದೆ. ತಿಂಗಳಿಗೊಂದ್ಸಲ ಹೊಡೆಸಿ ಸರ್ಟಿಫಿಕೇಟ್ ತಗೋಬೇಕು."

"ಇಲ್ಲಿ ಜಿರಳೆನೇ ಇಲ್ವಲ್ಲ, ಯಾರನ್ನ ಹೊಡೀತಾರೆ?"

"ಇಲ್ಲ ಅನ್ನೋದಕ್ಕೂ ಸರ್ಟಿಫಿಕೇಟ್ ಬೇಕಮ್ಮ."

ಎಲೆ, ಲವಂಗ ಎಲ್ಲವನ್ನೂ ಅವಳ ಕೈಯಲ್ಲೇ ಗುಡಿಸಿ ಹಾಕಿಸಿದರು. ಶನಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಔಷಧಿಯವನು ಹಿತ್ತಿಲ ಬಾಗಿಲಿಂದ ಬಂದ. ಬೆನ್ನಿನ ಮೇಲೆ ಪಂಪು, ಕುತ್ತಿಗೆಯಲ್ಲಿ ಜೋತಾಡುವ ಕರವಸ್ತ್ರ. ಪಾತ್ರೆಗೆ ಬಟ್ಟೆ ಮುಚ್ಚುತ್ತಿದ್ದ ಪುದೀನಕ್ಕ ತಲೆ ಎತ್ತಿದಳು. ಅವಳ ಮಗ.

ಅವಳು ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಅವನ ಹತ್ತಿರ ಬಂದಳು.

"ಗೋಡೌನು ಅಂದಿದ್ಯಲ್ಲೋ."

"ಔಷಧಿ ಇಡೋದೂ ಗೋಡೌನಲ್ಲೇ ಅಮ್ಮ" ಎಂದು ನಗಲು ನೋಡಿದ. ಅವಳು ನಗಲಿಲ್ಲ.

"ನಿಮ್ಮಪ್ಪನ್ನ ನೋಡಿರಲಿಲ್ವೇನೋ? ಕಣ್ಣಾರೆ ನೋಡಿರಲಿಲ್ವಾ?"

"ನೋಡಿದೀನಿ. ಅಪ್ಪ ಈ ಕೆಲಸ ಮಾಡ್ತಿದ್ದ ಅಂತಲೇ ನನ್ನ ತಗೊಂಡ್ರು. ಬೇರೆ ಕಡೆ ಯಾರು ಕರೀತಾರೆ? ನಿನ್ನ ಎಲೆ ಇಟ್ಕೊಂಡು ನಾನೇನು ಮಾಡ್ಲಿ?"

ಮೇಡಂ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಮಗ ಮೊಣಕಾಲೂರಿ ಸಿಂಕಿನ ಕೆಳಗೆ, ಕಪಾಟಿನ ಹಿಂದೆ ಟಾರ್ಚು ಬಿಟ್ಟು ಹುಡುಕಿದ. ಒಂದು ಮೊಟ್ಟೆಯೂ ಸಿಗಲಿಲ್ಲ. ಆದರೂ ಹೊಡೆದ. ಕೊನೆಗೆ ಫಾರಮ್ಮಿನಲ್ಲಿ "ಹಾವಳಿ: ಮಧ್ಯಮ" ಎಂದು ಬರೆದ.

"ಸುಳ್ಳು ಯಾಕೋ ಬರೀತೀಯ?" ಎಂದು ಅವಳು ಪಿಸುಗುಟ್ಟಿದಳು.

"ಇಲ್ಲ ಅಂತ ಬರೆದ್ರೆ ಮುಂದಿನ ತಿಂಗಳು ಕರೆಯಲ್ಲಮ್ಮ."

ಆರನೇ ವಾರಕ್ಕೆ ಪಕ್ಕದ ಕಟ್ಟಡದ ಮೋರಿಯಿಂದ ಜಿರಳೆ ಬಂದವು. ಎಲೆ ಇಡುವ ಹಾಗಿಲ್ಲ. "ನೋಡಿದ್ಯಾ? ಇಲ್ಲವೇ ಇಲ್ಲ ಅಂತಿದ್ದೆ" ಎಂದು ಮೇಡಂ ಅವಳನ್ನೇ ತರಾಟೆಗೆ ತೆಗೆದುಕೊಂಡು, ತಿಂಗಳಿಗೆ ಎರಡು ಸಲ ಹೊಡೆಸಲು ಗೊತ್ತುಮಾಡಿದರು. ಹನ್ನೊಂದು ವರ್ಷ ಅವಳು ಅಡುಗೆಮನೆ ಕಾದದ್ದು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಕೆಲಸ ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಬಿಟ್ಟರೂ ಅವನು ಹೊಡೆಯುವುದು ನಿಲ್ಲುತ್ತದೆಯೇ? ಇಲ್ಲಿದ್ದರೆ ಕಣ್ಣಮುಂದಾದರೂ ಇರುತ್ತಾನೆ. ಈಗ ಎರಡು ವಾರಕ್ಕೊಮ್ಮೆ ಶನಿವಾರ ಅವಳೇ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ ಮಗನ ಮೂಗಿಗೆ ಬಿಗಿಯುತ್ತಾಳೆ. ಆಮೇಲೆ ಹೊರಗೆ ಹೋಗಿ ಮುಚ್ಚಿದ ಕಿಟಕಿಯ ಗಾಜಿನಿಂದ ನೋಡುತ್ತಾಳೆ. ಅವನು ನಾಲ್ಕು ಹೆಜ್ಜೆ ಹೋಗಿ ಬಟ್ಟೆಯನ್ನು ಗದ್ದಕ್ಕೆ ಇಳಿಸುತ್ತಾನೆ.

"ಮೇಲೆ ಎಳ್ಕೊಳ್ಳೋ!" ಎಂದು ಅವಳು ಗಾಜು ಬಡಿಯುತ್ತಾಳೆ.

"ಉಸಿರು ಕಟ್ಟುತ್ತಮ್ಮ" ಎಂದು ಅವನು ಒಳಗಿನಿಂದ ಕೂಗುತ್ತಾನೆ, ಪಂಪು ಒತ್ತುತ್ತಲೇ.