ಅವ್ವನ ತವರಿಗೆ ಒಂದು ಗಂಟು

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲೂಕಿನ ಒಂದೊಂದು ಊರಿಗೂ ಹೋಗಿ ಬಂದಿದ್ದೇನೆ ಎಂದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. "ಅಲ್ಲಿ ನೋಡೋಕೆ ಏನೈತಮ್ಮಾ, ಜಾಲಿ ಮುಳ್ಳು ಬಿಟ್ರೆ?" ಎನ್ನುತ್ತಾರೆ. ಊರಿದೆ, ಊರಲ್ಲಿ ಜನ ಇದ್ದಾರೆ, ಇನ್ನೇನು ಇರಬೇಕಿತ್ತು? ಕಾಶಿಗೆ ಹೋಗಿ ಬಂದವರನ್ನು ಯಾರೂ ಹೀಗೆ ಕೇಳುವುದಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹಾಗಾಗಿ ಈಚೆಗೆ ಹೇಳುವುದನ್ನೇ ಬಿಟ್ಟಿದ್ದೇನೆ.

ನಾನು ದರ್ಜಿ. ಚಳ್ಳಕೆರೆಯಲ್ಲಿ ಒಂದು ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ, ಅದರ ಹಿಂದೆಯೇ ಮನೆ. ಮದುವೆಯಾಗಲಿಲ್ಲ, ಅದು ಬೇರೆ ಕಥೆ, ಇಲ್ಲಿ ಬೇಡ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಶಾಲೆ ಶುರುವಾಗುವ ಕಾಲಕ್ಕೆ ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳ ಯೂನಿಫಾರಂಗೆ ಅಳತೆ ತೆಗೆದುಕೊಂಡು ಬರುವುದು ನನ್ನ ಮುಖ್ಯ ಕಸುಬು. ಅಳತೆ ಮುಗಿಯುವುದು ಮಧ್ಯಾಹ್ನಕ್ಕೆ, ವಾಪಸು ಬಸ್ಸು ಬರುವುದು ಸಂಜೆಗೆ. ನಡುವೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಊರು ಸುತ್ತುತ್ತಿದ್ದೆ.

ಒಮ್ಮೆ ತಳಕಿನ ಹತ್ತಿರದ ಒಂದು ಹಳ್ಳಿಯಲ್ಲಿ ಬೇಲಿಗೆ ಸೆರಗು ಸಿಕ್ಕಿ ಪರ್ರೆಂದು ಹರಿಯಿತು. ದರ್ಜಿಯ ಚೀಲದಲ್ಲಿ ಅವತ್ತು ಸೂಜಿಯೂ ಇಲ್ಲ, ದಾರವೂ ಇಲ್ಲ. ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಒಬ್ಬ ಹೆಂಗಸು ನಕ್ಕು, "ಹೊಲಿಯೋಳು ನೀನೇ ಅಲ್ಲೇನವ್ವ?" ಎನ್ನುತ್ತಾ ಕೆಂಪು ದಾರ ತಂದು ತಾನೇ ಹೊಲಿದುಕೊಟ್ಟಳು. ಅಡ್ಡಾದಿಡ್ಡಿ ಹೊಲಿಗೆ. ಮನೆಗೆ ಬಂದು ಅದನ್ನು ಬಿಚ್ಚಿ ನೀಟಾಗಿ ಹೊಲಿದುಕೊಂಡೆ, ಆದರೆ ಆ ಕೆಂಪು ಎಳೆಯನ್ನು ಎಸೆಯುವುದಕ್ಕೆ ಕೈ ಬರಲಿಲ್ಲ. ಮುಂದೆ ಒಂದು ಶಾಲೆಯ ಗೋಡೆಯಲ್ಲಿದ್ದ ನಕ್ಷೆಯ ಮೇಲೆ ತೆಳು ಕಾಗದ ಇಟ್ಟು ಎರಡೂ ತಾಲೂಕಿನ ಗಡಿ, ಊರುಗಳನ್ನು ಬರೆದುಕೊಂಡೆ. ಅದನ್ನು ದೊಡ್ಡದು ಮಾಡಿ ಒಂದು ಬಿಳಿ ದುಪ್ಪಟಿಗೆ ಇಳಿಸಿದೆ. ಆ ಹಳ್ಳಿ ಇರುವ ಜಾಗದಲ್ಲಿ ಕೆಂಪು ದಾರದ ಒಂದು ಗಂಟು ಹಾಕಿದೆ. ಹುಚ್ಚು ಹಿಡಿದಿದ್ದು ಹಾಗೆ.

ನಿಯಮ ನಾನೇ ಮಾಡಿಕೊಂಡೆ. ಊರಿಗೆ ಕಾಲಿಟ್ಟರೆ ಸಾಲದು. ಆ ಊರಿನವರು ಯಾರಾದರೂ ತಮ್ಮ ಕೈಯಾರೆ ಒಂದೆಳೆ ದಾರ ಕೊಡಬೇಕು. ಆಗಲೇ ಗಂಟು. ಎಂಥೆಂಥ ದಾರ ಬಂದವು! ಕುರಿ ಸಾಕುವ ಹಟ್ಟಿಗಳಲ್ಲಿ ಉಣ್ಣೆ, ಮೊಳಕಾಲ್ಮೂರಿನಲ್ಲಿ ಮಗ್ಗದ ಮೇಲಿಂದ ಕತ್ತರಿಸಿಕೊಟ್ಟ ರೇಷ್ಮೆ, ಪರಶುರಾಂಪುರದಲ್ಲಿ ಈರುಳ್ಳಿ ಚೀಲ ಹೊಲಿಯುವ ಗೋಣಿ ದಾರ. ಜಟಿಂಗ ರಾಮೇಶ್ವರ ಬೆಟ್ಟದ ಬುಡದ ಊರಲ್ಲಿ ಒಬ್ಬಾಕೆ ಹೂ ಕಟ್ಟುತ್ತಾ ಕೂತಿದ್ದವಳು ಹಾಗೇ ಹೂವಿನ ದಾರ ಕಡಿದು ಕೊಟ್ಟಳು.

ರಾಂಪುರದ ಆಚೆ ಆಂಧ್ರದ ಗಡಿಯ ಒಂದು ಹಳ್ಳಿಗೆ ಬಸ್ಸು ತಡವಾಗಿ ಮುಟ್ಟಿಸಿತು. ಮೊದಲ ಮನೆಯಲ್ಲಿ ದಾರ ಕೇಳಿದರೆ ಆ ಮನೆಯಾಕೆ ಗಾಬರಿಯಾದಳು. "ದಾರಮಾ? ಎಂದುಕಮ್ಮಾ, ಯಾಕೆ? ದೀಪ ಹಚ್ಚಾಯ್ತಲ್ಲ!" ದೀಪ ಹಚ್ಚಿದ ಮೇಲೆ ಸೂಜಿ ದಾರ ಹೊಸಿಲು ದಾಟಿಸಿದರೆ ಲಕ್ಷ್ಮಿಯೂ ಜೊತೆಗೆ ಹೋಗುತ್ತಾಳೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನನಗೂ ಗೊತ್ತಿದ್ದದ್ದೇ, ಆಸೆಗೆ ಬಿದ್ದು ಕೇಳಿದ್ದೆ. ಆಕೆ ನನ್ನನ್ನು ಓಡಿಸಲಿಲ್ಲ. "ರೇಪು ಇಸ್ತಾನು, ನಾಳೆ ಕೊಡ್ತೀನಿ, ಇವತ್ತು ಇಲ್ಲೇ ಉಣ್ಣು" ಎಂದು ಮುದ್ದೆ ಬಡಿಸಿ, ತನ್ನ ಪಕ್ಕದಲ್ಲೇ ಚಾಪೆ ಹಾಸಿ, ಬೆಳಗ್ಗೆ ಎದ್ದು ಮುಖ ತೊಳೆದು ಹಸಿರು ದಾರ ಕೊಟ್ಟಳು. ಗುರುತಿಲ್ಲ, ಪರಿಚಯವಿಲ್ಲ. ಈ ಎಲ್ಲ ಹೆಂಗಸರಿಗೂ ನಾನು ಯಾವ ಬಾಯಲ್ಲಿ ಥ್ಯಾಂಕ್ಸ್ ಹೇಳಲಿ? ಒಬ್ಬಂಟಿ ಹೆಣ್ಣು ಊರೂರು ಅಲೆದರೂ ಎಲ್ಲೂ ಹಸಿದು ಮಲಗಲಿಲ್ಲ ಎಂದರೆ ಅದು ಅವರ ದೊಡ್ಡತನ.

ಅವ್ವನಿಗೆ ಕಣ್ಣು ಮಂಜಾದ ಮೇಲೆ ಈ ದುಪ್ಪಟಿಯೇ ಅವಳ ಕಾಲಕ್ಷೇಪವಾಯಿತು. ಆಪರೇಷನ್ ಆದರೂ ಅಷ್ಟಕ್ಕಷ್ಟೇ. ಮಧ್ಯಾಹ್ನ ಅದನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಗಂಟು ಮುಟ್ಟುತ್ತಾ ಹೋಗುತ್ತಿದ್ದಳು. "ಇದು ಉಣ್ಣೆ, ಹಟ್ಟಿ. ಇದು ನುಣ್ಣಗೈತೆ, ಮೊಳಕಾಲ್ಮೂರು." ಎಲ್ಲ ಮುಟ್ಟಿ ಮುಗಿದ ಮೇಲೆ ಬೆರಳು ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಪರಶುರಾಂಪುರದಿಂದ ನಾಲ್ಕು ಬೆರಳು ಪಕ್ಕಕ್ಕೆ. ಅಲ್ಲಿ ಬರೀ ಬಟ್ಟೆ.

ಅದು ಅವಳ ತವರು. ಬಾವಿಯ ನೀರು ಉಪ್ಪಾಗಿ ಬಾಯಿಗಿಡಲು ಆಗದಂತಾದಾಗ ಇದ್ದ ಹತ್ತಿಪ್ಪತ್ತು ಮನೆಯವರೂ ಒಬ್ಬೊಬ್ಬರಾಗಿ ಬೇರೆ ಊರು ಸೇರಿಕೊಂಡರು. ಅವ್ವ ಅಷ್ಟು ಹೊತ್ತಿಗೆ ಮದುವೆಯಾಗಿ ಬಂದಿದ್ದಳು. ಕಂದಾಯದ ಪುಸ್ತಕದಲ್ಲಿ ಅಂಥ ಊರಿಗೆ ಬೇಚರಾಕ್ ಎಂದು ಬರೆಯುತ್ತಾರೆ. ಹೆಸರಿದೆ, ಗಡಿಯಿದೆ, ದೀಪ ಹಚ್ಚುವ ಮನೆ ಒಂದೂ ಇಲ್ಲ. ಜನವೇ ಇಲ್ಲದ ಕಡೆ ದಾರ ಕೊಡುವವರು ಯಾರು? ಹಾಗಾಗಿ ಅದನ್ನು ಬಿಟ್ಟೇ ಬಿಟ್ಟಿದ್ದೆ. "ಎಲ್ಲಾರ ಊರೂ ಐತೆ. ನಂದೊಂದಿಲ್ಲ," ಎನ್ನುತ್ತಿದ್ದಳು ಅವ್ವ. "ನಾನು ಇರೋವಾಗ್ಲೇ ಅಲ್ಲೊಂದು ಗಂಟು ಹಾಕೇ."

ಕೇಳಿ ಕೇಳಿ ನನಗೂ ರೇಗಿತು. ಒಂದು ದಿನ ಅಂಗಡಿಯ ರೀಲಿನಿಂದ ಹಳದಿ ದಾರ ತೆಗೆದು ಆ ಜಾಗದಲ್ಲಿ ಗಂಟು ಹಾಕಿಬಿಟ್ಟೆ. ನಿನ್ನೂರಿನವರೊಬ್ಬರು ಪರಶುರಾಂಪುರದಲ್ಲಿ ಸಿಕ್ಕಿದ್ದರು, ಅವರೇ ಕೊಟ್ಟರು ಎಂದು ಸುಳ್ಳನ್ನೂ ಸೇರಿಸಿದೆ. ಕಣ್ಣು ಕಾಣದ ಮುದುಕಿಗೆ ಏನು ತಿಳಿಯುತ್ತದೆ ಎನ್ನುವ ಧೈರ್ಯ! ಅವ್ವ ಆ ಗಂಟನ್ನು ಉಗುರಿನಿಂದ ಒಮ್ಮೆ ಕೆರೆದಳು, ಅಷ್ಟೇ.

"ಇದು ನಿನ್ನ ಮಷೀನ್ ದಾರ. ನನ್ನ ಕಣ್ಣು ಹೋಗೈತೆ, ಬೆರಳು ಹೋಗಿಲ್ಲ."

ದುಪ್ಪಟಿ ಮಡಿಸಿ ಆಚೆ ಇಟ್ಟವಳು ಮತ್ತೆ ಮುಟ್ಟಲಿಲ್ಲ. ನಾನು ಕತ್ತರಿ ತೆಗೆದುಕೊಂಡು ಆ ಗಂಟನ್ನು ಕತ್ತರಿಸಿ ತೆಗೆದೆ. ಅವ್ವ ಉಂಡಳು, ಮಲಗಿದಳು, ಅಕ್ಕಪಕ್ಕದವರ ಜೊತೆ ನಗುನಗುತ್ತಲೇ ಮಾತಾಡಿದಳು. ನನ್ನ ಜೊತೆ ಮಾತ್ರ ಹೂಂ, ಉಹೂಂ. ಆ ವಯಸ್ಸಿನವಳಿಗೆ ಮೋಸ ಮಾಡಿದೆನಲ್ಲ ಎಂದು ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಅವಳು ಈ ಮುನಿಸಿನಲ್ಲೇ ಕಣ್ಣು ಮುಚ್ಚಿಬಿಟ್ಟರೆ ಏನು ಗತಿ ಎಂದು ಹೆದರಿದೆ.

ಅಂಗಡಿಗೆ ಬೀಗ ಹಾಕಿ ನಿಜವಾಗಿಯೇ ಹುಡುಕಲು ಹೊರಟೆ. ಪರಶುರಾಂಪುರದಲ್ಲಿ ಬಸ್ಟ್ಯಾಂಡಿನ ಹೋಟೆಲಿನಿಂದ ಹಿಡಿದು ಟ್ರ್ಯಾಕ್ಟರ್ ರಿಪೇರಿ ಅಂಗಡಿಯವರೆಗೆ ವಿಚಾರಿಸಿದೆ. ಆ ಊರಿನಿಂದ ಬಂದ ಹಿರಿಯರೆಲ್ಲ ತೀರಿಕೊಂಡಿದ್ದರು. ಅವರಲ್ಲೊಬ್ಬರ ಮೊಮ್ಮಗ ಸಿಕ್ಕ, ನನ್ನದೇ ವಯಸ್ಸಿನವನು. "ನಾವು ಇಲ್ಲೇ ಹುಟ್ಟಿದ್ದು ಕಣ್ರಿ, ನಮ್ಮೂರು ಇದೇ. ಸುಳ್ಳು ಯಾಕೆ ಹೇಳ್ಲಿ?" ಎಂದ. ಅವನಿಗಿದ್ದ ನಿಯತ್ತು ನನಗಿರಲಿಲ್ಲ. ಚಹಾ ಕುಡಿಸಿ ಬಸ್ಸು ಹತ್ತಿಸಿದ.

ಮನೆಗೆ ಬಂದು ಅವ್ವನ ಕಾಲ ಹತ್ತಿರ ಕೂತೆ. "ತಪ್ಪಾಯ್ತು ಕಣವ್ವಾ. ಎಲ್ಲಾ ಕಡೆ ಹುಡುಕ್ದೆ. ಆ ಊರಿನೋರು ಅಂತ ಒಬ್ಬರೂ ಉಳಿದಿಲ್ಲ."

ಅವ್ವ ಸೆಟೆದು ಕೂತಳು. "ಒಬ್ಬರೂ ಉಳಿದಿಲ್ವಾ? ಹಂಗಾದ್ರೆ ನಾನ್ಯಾರೇ?"

ಊರೂರಲ್ಲಿ ನಾನು ದಾರ ಪಡೆದಿದ್ದು ಬಹುಪಾಲು ಸೊಸೆಯಂದಿರ ಕೈಯಿಂದ. ಎಲ್ಲೋ ಹುಟ್ಟಿ, ಇಲ್ಲಿಗೆ ಬಂದು ಬಾಳುತ್ತಿದ್ದವರು. ಅವರ ದಾರವನ್ನು ಗಂಡನ ಊರಿಗೇ ಗಂಟು ಹಾಕಿದ್ದೆ, ಒಮ್ಮೆಯೂ ಯೋಚಿಸಿರಲಿಲ್ಲ. ಹೆಣ್ಣೆಂದರೆ ಕೊಟ್ಟ ಊರಿಗೆ ಸೇರಿದವಳು ಎಂದು ಎಲ್ಲರೂ ಹೇಳುವ ಹಾಗೆ ನಾನೂ ಅವ್ವನನ್ನು ಅಪ್ಪನ ಊರಿನ ಲೆಕ್ಕಕ್ಕೆ ಹಾಕಿದ್ದೆ. ಗಂಡನೇ ಇಲ್ಲದ ನನಗಾದರೂ ಅಷ್ಟು ಬುದ್ಧಿ ಬೇಡವೇ!

"ಮದುವೆ ಮಾಡಿ ಕಳ್ಸಿದ್ರು, ನಿಜ. ಹುಟ್ಟಿದ್ದು ಸುಳ್ಳಾಯ್ತಾ?" ಎಂದಳು ಅವ್ವ. "ಎರಡು ತಾಲೂಕು ತಿರುಗಿ ಕಂಡೋರನ್ನೆಲ್ಲ ಕೇಳ್ದೆ. ಪಕ್ಕದಲ್ಲಿ ಕೂತಿರೋ ನನ್ನ ಒಂದು ದಿನ ಕೇಳಿದ್ಯಾ?"

"ಹಂಗಾದ್ರೆ ಈಗ ಕೇಳ್ತೀನಿ. ಕೊಡವ್ವಾ."

"ಇಲ್ಲಿ ಕೊಡಲ್ಲ. ನಮ್ಮೂರಿಗೆ ಬಂದು ಕೇಳು."

ಮಾರನೇ ದಿನ ಬೆಳಗ್ಗೆಯೇ ಒಂದು ಆಟೋ ಮಾಡಿಕೊಂಡು ಹೊರಟೆವು. ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆಸಿ ಉಟ್ಟಿದ್ದಳು. ಟಾರು ರಸ್ತೆ ಮುಗಿದು, ಬಂಡಿ ಜಾಡು ಮುಗಿದು, ಕೊನೆಗೆ ಆಟೋದವನು, "ಇನ್ನು ಮುಂದೆ ಗಾಡಿ ಹೋಗಲ್ಲ ಅಮ್ಮಾ" ಎಂದು ಇಳಿದು ಅವ್ವನ ಒಂದು ರಟ್ಟೆ ಹಿಡಿದುಕೊಂಡ. ಇನ್ನೊಂದು ನಾನು. ಅದು ಅವನ ಕೆಲಸವಲ್ಲ, ಆದರೂ ಹಿಡಿದ.

ಊರೆಂದರೆ ಕಲ್ಲಿನ ಗುಡ್ಡೆಗಳು, ಹೂಳು ತುಂಬಿದ ಬಾವಿ, ಒಂದು ಮಾರಮ್ಮನ ಕಲ್ಲು. ಆ ಕಲ್ಲಿಗೆ ಕೈಯಿಟ್ಟು ದಿಕ್ಕು ಹಿಡಿದುಕೊಂಡ ಅವ್ವ ನಮ್ಮಿಬ್ಬರ ಕೈ ಬಿಡಿಸಿಕೊಂಡು ತಾನೇ ಹೆಜ್ಜೆ ಹಾಕಿದಳು. ಬಲಕ್ಕೆ ತಿರುಗಿದಳು. ಕಾಲಿನಿಂದ ಸವರುತ್ತಾ ಸವರುತ್ತಾ ನೆಲದಲ್ಲಿ ಹೂತಿದ್ದ ಒಂದು ಒರಳು ಕಲ್ಲನ್ನು ಮುಟ್ಟಿದಳು. ಊರು ಬಿಟ್ಟವರು ಎಲ್ಲ ಹೊತ್ತುಕೊಂಡು ಹೋಗಿದ್ದರು, ಅದನ್ನು ಕೀಳಲು ಆಗಿರಲಿಲ್ಲವೇನೋ. ಅವ್ವ ಅದರ ಪಕ್ಕದಲ್ಲಿ ಕೂತು ಕುಳಿಯೊಳಗೆ ಕೈ ಹಾಕಿ ಮಣ್ಣು ತೆಗೆದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನು ಹತ್ತಿರ ಹೋಗಲು ಕಾಲೆತ್ತಿದೆ.

"ಅಲ್ಲೇ ನಿಲ್ಲು. ಅದು ಬಾಗ್ಲು. ಬೇರೆಯವರ ಮನೇಲಿ ಹೆಂಗೆ ಕೇಳ್ತೀಯೋ ಹಂಗೆ ಕೇಳು."

ನೋಡಿದರೆ ನಿಜ, ನನ್ನ ಮುಂದೆ ನೆಲದಲ್ಲಿ ಹೊಸಿಲಿನ ಚಪ್ಪಡಿ ಅರ್ಧ ಕಾಣುತ್ತಿತ್ತು. ಅದರ ಈಚೆ ನಿಂತು, ಗಂಟಲು ಸರಿ ಮಾಡಿಕೊಂಡು ಕೇಳಿದೆ. "ಅವ್ವಾರೇ, ನಿಮ್ಮೂರಿಂದ ಒಂದೆಳೆ ದಾರ ಕೊಡ್ರಿ. ನಕ್ಷೆಗೆ ಹಾಕ್ಬೇಕು."

ಅವ್ವ ಅವಸರ ಮಾಡಲಿಲ್ಲ. ಇಳಕಲ್ ಸೀರೆಯ ಸೆರಗಿನ ತುದಿಯನ್ನು ಬೆರಳಲ್ಲಿ ಹುಡುಕಿ, ಕೆಂಪು ರೇಷ್ಮೆಯ ಒಂದೆಳೆಯನ್ನು ಮೆಲ್ಲಗೆ ಬಿಡಿಸಿ ಎಳೆದಳು. ಕೈ ಚಾಚಿದಳು. ನಾನು ಹೊಸಿಲಿನ ಈಚೆಯಿಂದಲೇ ಬಗ್ಗಿ ಎರಡೂ ಕೈಯಲ್ಲಿ ತೆಗೆದುಕೊಂಡೆ.

"ದಾರ ಇಸ್ಕೊಂಡು ಹಂಗೇ ಹೋಗ್ತೀಯಾ?" ಎಂದಳು ಅವ್ವ, ಮನೆಯೊಡತಿಯ ಗತ್ತಿನಲ್ಲಿ. "ಯಾರ ಮಗಳಮ್ಮಾ ನೀನು?"

"ನಿನ್ನ ಮಗಳು ಕಣವ್ವಾ."

"ಮತ್ತೆ ಹೊರಗ್ಯಾಕೆ ನಿಂತಿದ್ದೀಯಾ? ಒಳಗೆ ಬಾ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.