ಟೀಮಿನ ಬಸ್ಸಿಗೆ ಕಾದ ಇವಾನ್

ಹೋದ ವರ್ಷ ಗಣಪತಿ ಹಬ್ಬ ಮುಗಿದ ವಾರದ ಮಾತು. ಪುಣೆಯ ನಿಗಡಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಇವಾನ್ ಮತ್ತು ಸುನಂದಾ ದಂಪತಿ ಇದ್ದರು. ಇವಾನ್ ಕ್ರೊಯೇಷಿಯಾದ ಫುಟ್‌ಬಾಲ್ ಆಟಗಾರ. ತಮ್ಮ ದೇಶದಲ್ಲಿ ಡಿಫೆಂಡರ್ ಆಗಿ ಹೆಸರು ಮಾಡಿ, ವಯಸ್ಸು ಜಾರಿದ ಮೇಲೆ ಗೋವಾದ ಒಂದು ಕ್ಲಬ್ಬಿಗೆ ಆಡಲು ಬಂದವರು. ಅಲ್ಲಿ ಮೊಣಕಾಲಿಗೆ ಪೆಟ್ಟಾದಾಗ ಆರೈಕೆ ಮಾಡಿದ ಫಿಸಿಯೋ ಧಾರವಾಡದ ಸುನಂದಾ. ಮದುವೆಯಾಗಿ, ಆಟ ಬಿಟ್ಟು, ಪುಣೆಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತ ನೆಲೆಸಿದರು. ಹೆಂಡತಿಗಾಗಿ ಕನ್ನಡವನ್ನೂ ಕಲಿತಿದ್ದರು. ಮೆಟ್ಟಿಲಲ್ಲಿ ಸಿಕ್ಕರೆ, "ಚಹಾ ಆತೇನ್ರಿ, ವೈನಿ?" ಎಂದು ಧಾರವಾಡದವರ ಹಾಗೆ ನನ್ನನ್ನು ಅತ್ತಿಗೆ ಮಾಡಿಕೊಂಡು ಮಾತಾಡಿಸುತ್ತಿದ್ದರು.

ಆಮೇಲೆ ಇವಾನ್‌ಗೆ ಮರೆವು ಶುರುವಾಯಿತು. ವರ್ಷಗಟ್ಟಲೆ ತಲೆಯಿಂದ ಚೆಂಡು ಹೊಡೆದದ್ದೂ ಕಾರಣವಿರಬಹುದು ಎಂದು ಡಾಕ್ಟರು ಹೇಳಿದರಂತೆ. ಕಲಿಸುವ ಕೆಲಸ ನಿಂತಿತು.

ಅವತ್ತು ಬೆಳಿಗ್ಗೆ ತರಕಾರಿಗೆಂದು ಇಳಿದೆ. ಇವಾನ್ ಹಳೆಯ ಜೆರ್ಸಿ, ಬೂಟು ಹಾಕಿಕೊಂಡು ಗೇಟಿನ ಬಳಿ ನಿಂತಿದ್ದರು. ಟೀಮಿನ ಬಸ್ಸು ಬರಬೇಕು, ಇವತ್ತು ಫೈನಲ್ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ನಿಂತೆ. ವಾಚ್‌ಮನ್‌ಗೆ ಹೇಳಿ ಸುನಂದಾರನ್ನು ಕರೆಸಿದೆ.

ಸುನಂದಾ ಓಡಿ ಬಂದರು. ಇವಾನ್ ತಮ್ಮ ಹೆಂಡತಿಯನ್ನೇ ನನಗೆ ಪರಿಚಯಿಸಿದರು: ನಮ್ಮ ಟೀಮಿನ ಫಿಸಿಯೋ, ಒಳ್ಳೆಯ ಹುಡುಗಿ. ಸುನಂದಾ ನೆಲದಲ್ಲೇ ಕೂತು ಅವರ ಮೊಣಕಾಲು ಒತ್ತಿ ನೋಡಿ, ಇವತ್ತು ಆಡುವಂತಿಲ್ಲ ಎಂದರು. ಇವಾನ್ ತಲೆ ತಗ್ಗಿಸಿ ಅವರ ಹಿಂದೆ ಒಳಗೆ ಹೋದರು.

ಸಂಜೆ ನೋಡಿ ಬರೋಣವೆಂದು ಹೋದಾಗ ಸುನಂದಾ ಹೇಳಿದರು, "ಕನ್ನಡ ಪೂರಾ ಮರ್ತಾರ್ರಿ, ವೈನಿ. ಇಂಗ್ಲಿಷೂ ಮರೀಲಿಕ್ಕತ್ತಾರ. ತಮ್ಮ ಭಾಷಾದಾಗ ಏನೋ ಕೇಳ್ತಾರ, ಅಳ್ತಾರ. ನೀರು ಬೇಕೋ, ಎಲ್ಲರೆ ನೋಯ್ತದೋ, ನನಗೇನೂ ತಿಳೀವಲ್ದು. ಅವರ ದೇಶಕ್ಕ, ತಂಗಿ ಕಡೆ ಕಳಸ್ತೀನಿ. ಅಲ್ಲಿ ಅವರ ಮಾತು ತಿಳಿಯೋರರೆ ಇರ್ತಾರ."

"ಮತ್ತ ನೀವು?" ಎಂದೆ.

"ವೀಸಾ ಬಂದ ಮ್ಯಾಲೆ ಹೋಗ್ತೀನ್ರಿ. ಹೋದ್ರೂ, ಯಾರು ಬಂದಾರಂತ ಅವರಿಗೆ ಹೇಳೋದು?"

ದಸರಾ ಕಳೆದ ಮೇಲೆ ಇವಾನ್ ಅವರ ತಂಗಿ ಕರೆದೊಯ್ಯಲು ಬಂದರು. ಟ್ಯಾಕ್ಸಿ ಹತ್ತುವ ಮೊದಲು ಇವಾನ್, ಪಂದ್ಯಕ್ಕೆ ಮುಂಚೆ ಆಟಗಾರರು ಮಾಡುವ ಹಾಗೆ, ಸಾಲಾಗಿ ನಿಂತಿದ್ದ ನಮ್ಮೆಲ್ಲರ ಕೈ ಕುಲುಕಿದರು. ವಾಚ್‌ಮನ್, ನನ್ನ ಗಂಡ, ನಾನು. ಕೊನೆಗೆ ನಿಂತಿದ್ದ ಸುನಂದಾರ ಕೈಯನ್ನೂ ಅಷ್ಟೇ ಹೊತ್ತು ಹಿಡಿದು, "ಥ್ಯಾಂಕ್ಯೂ, ಮೇಡಂ" ಎಂದು ಬಿಟ್ಟರು.

ಸುನಂದಾರ ವೀಸಾ ಇನ್ನೂ ಬಂದಿಲ್ಲ. ಈಗ ನನ್ನ ಗಂಡ ಒಳಗಿನಿಂದ ನನ್ನ ಹೆಸರು ಹಿಡಿದು ಕೂಗಿದರೆ ನಾನು ತಕ್ಷಣ ಓಗೊಡುವುದಿಲ್ಲ. ಇನ್ನೊಮ್ಮೆ ಕೂಗಲಿ ಎಂದು ಸುಮ್ಮನೆ ನಿಲ್ಲುತ್ತೇನೆ.